ಫೋಟೋದಲ್ಲಿ ಇಲ್ಲದ್ದನ್ನು ಕೇಳಿ: ಹಳೇ ರಿವಾಲ್ವರ್ ಆನ್‌ಲೈನಲ್ಲಿ ತಗೊಂಡ ಅನುಭವ

(ಬದಿಯಡ್ಕ ಹತ್ರದ ನಮ್ಮ ವಾಚನಾಲಯದಲ್ಲಿ ಮಾತಾಡಿದ್ದನ್ನು ಬರ್ದು ಕೊಡಿ ಅಂತ ಸುಮಾರು ಜನ ಕೇಳಿದ್ರು. ರೆಕಾರ್ಡಿಂಗ್ ಕೇಳಿಕೊಂಡು ಬರ್ದಿದ್ದೇನೆ, ಮಾತಾಡಿದ ಹಾಗೆಯೇ ಉಂಟು, ಆಗ ಮರ್ತು ಹೋದ ಒಂದೆರಡು ಸಂಗತಿ ಮಾತ್ರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸುರುವಿಗೆ ಒಂದು ಲಿಸ್ಟಿಂಗ್, ಅಂದ್ರೆ ಆನ್‌ಲೈನ್ ಹರಾಜಲ್ಲಿ ಮಾರುವವ್ರು ಹಾಕುವ ವಿವರ, ಓದ್ತೇನೆ, ನನ್ನ ನೋಟ್‌ಬುಕ್ಕಲ್ಲಿ ಬರ್ದಿಟ್ಟದ್ದು, ಕನ್ನಡದಲ್ಲಿ ಹೇಳ್ತೇನೆ. ಹಳೇ 38 ರಿವಾಲ್ವರ್, ಅಜ್ಜನ ಡ್ರಾವರಲ್ಲಿ ಇತ್ತು, ಸ್ವಲ್ಪ ತುಕ್ಕು ಉಂಟು, ಕೆಲಸ ಮಾಡ್ಬಹುದು, ಫೋಟೋ ನೋಡಿ. ಇಷ್ಟೇ. 38 ಅಂದ್ರೆ ತೋಟೆಯ ಅಳತೆ. ಕೆಳಗೆ ಮೂರು ಫೋಟೋ. ಒಂದು ಸೋಫಾದ ಮೇಲೆ ಇಟ್ಟು ತೆಗ್ದದ್ದು, ಒಂದರಲ್ಲಿ ಫ್ಲಾಶ್ ಬಿದ್ದು ಅರ್ಧ ಬೆಳ್ಳಗೆ, ಮೂರನೇದು ಸುರುವಿನದ್ದೇ ಸ್ವಲ್ಪ ಹತ್ರದಿಂದ. ಎಡಬದಿ ಮಾತ್ರ. ಬಲಬದಿ ಇಲ್ಲ, ಅಡಿ ಇಲ್ಲ, ಬ್ಯಾರಲಿನ, ಅಂದ್ರೆ ನಳಿಗೆಯ, ಬಾಯಿ ಇಲ್ಲ, ಸಿಲಿಂಡರ್, ಅಂದ್ರೆ ತೋಟೆ ತುಂಬಿಸುವ ತಿರುಗುವ ಉರುಳೆ, ಬಿಚ್ಚಿದ್ದಿಲ್ಲ. ಇಂಥ ಲಿಸ್ಟಿಂಗ್ ನಾನು ಹದಿನಾಲ್ಕು ವರ್ಷ ರಾತ್ರಿ ಊಟ ಆದ ಮೇಲೆ ದಿನಾ ನೋಡಿದ್ದೇನೆ, ಇವತ್ತು ಹೇಳ್ಲಿಕ್ಕೆ ಹೊರಟದ್ದು ಅದನ್ನು ಹೇಗೆ ಓದುದು ಅಂತ.

ನಾನು ಅಮೆರಿಕಾದ ಓಹಯೋ ರಾಜ್ಯದಲ್ಲಿ ಟೂಲ್ ರೂಮಲ್ಲಿ ಕೆಲಸ ಮಾಡ್ತಿದ್ದೆ, ಡೈ, ಅಂದ್ರೆ ಲೋಹದ ಅಚ್ಚು, ಮಾಡುದು, ಗ್ರೈಂಡಿಂಗ್, ಫಿಟ್ಟಿಂಗ್ ಎಲ್ಲ. ವೀಸಾದಲ್ಲಿ ಇದ್ದಷ್ಟು ದಿನ ಈ ಸಾಮಾನಿನ ಹತ್ರ ಸುಳಿಯಲಿಲ್ಲ, ಹಾಗೆ ಬಂದವ್ರಿಗೆ ಸಾಮಾನ್ಯವಾಗಿ ಅದಕ್ಕೆ ಅಲ್ಲಿನ ಕಾನೂನು ಬಿಡುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಕಲೆಕ್ಟರ್ ಲೈಸೆನ್ಸ್, ಅಂದ್ರೆ ಹಳೇ ಕೋವಿ ಸಂಗ್ರಹಿಸುವವ್ರ ಲೈಸೆನ್ಸ್, ಮಾಡಿಸಿದೆ, ಮೂರು ವರ್ಷದ ಅವಧಿಗೆ 30 ಡಾಲರ್. ಅಲ್ಲಿ ಲೆಕ್ಕ ಹೀಗೆ ಉಂಟು: 1898ರ ಒಳಗೆ ತಯಾರಾದದ್ದು ಅವ್ರ ಕೇಂದ್ರ ಕಾನೂನಿನಲ್ಲಿ ಆಂಟೀಕ್, ಅಂದ್ರೆ ಪುರಾತನ ವಸ್ತು, 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದದ್ದು ಕಲೆಕ್ಟರ್ ಲೈಸೆನ್ಸಿನ ಒಳಗೆ ಬರ್ತದೆ, ಉಳಿದದ್ದನ್ನು ಬೇರೆ ರಾಜ್ಯದಿಂದ ತರಿಸುದಾದ್ರೆ ಲೈಸೆನ್ಸ್ ಇರುವ ಡೀಲರ್ ಅಂಗಡಿಗೇ ಪಾರ್ಸೆಲ್ ಬರ್ಬೇಕು, ಅಲ್ಲಿ ಫಾರ್ಮ್ ತುಂಬಿಸಿ ಬ್ಯಾಕ್‌ಗ್ರೌಂಡ್ ಚೆಕ್ ಆದ ಮೇಲೆಯೇ ಕೈಗೆ. ರಾಜ್ಯದ್ದು ಊರಿನದ್ದು ಅಂತ ಬೇರೆ ಕಾನೂನು ಅದರ ಮೇಲೆ.

ಈಗ ನಮ್ಮ ಊರಿನ ವಿಷಯ ಮೊದ್ಲು ಹೇಳಿ ಮುಗಿಸ್ತೇನೆ, ಯಾಕಂದ್ರೆ ಎದುರು ಪ್ರಾಯದ ಹುಡುಗ್ರು ಕೂತಿದ್ದಾರೆ. ನಮ್ಮ ದೇಶದಲ್ಲಿ ಇದ್ಯಾವುದೂ ಆನ್‌ಲೈನಲ್ಲಿ ತಗೊಳ್ಳುವ ಸಾಮಾನಲ್ಲ. 1959ರ ಆರ್ಮ್ಸ್ ಆಕ್ಟ್, 2016ರ ರೂಲ್ಸ್, ಲೈಸೆನ್ಸ್ ಇಲ್ಲದೆ ರಿವಾಲ್ವರ್ ಇಟ್ಕೊಂಡ್ರೆ ಜೈಲು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇದ್ದವ್ರಿಗೂ ಮೂರು ಕೋವಿಯ ಬದ್ಲು ಎರಡೇ. ವಾಟ್ಸಾಪಲ್ಲಿ ಯಾರಾದ್ರೂ ರಿವಾಲ್ವರ್ ಫೋಟೋ ಕಳ್ಸಿ ಅಡ್ವಾನ್ಸ್ ಹಾಕಿ ಕೊರಿಯರ್ ಮಾಡ್ತೇವೆ ಅಂದ್ರೆ ಒಂದೋ ಹಣ ಹೋಗ್ತದೆ, ಇಲ್ಲದಿದ್ರೆ ಹಣವೂ ಹೋಗಿ ಪೋಲಿಸ್ ಕೇಸೂ ಆಗ್ತದೆ, ಮೂರನೇದು ಇಲ್ಲ. ಮತ್ತೆ ಹಿರಿಯರು ತೀರಿಕೊಂಡ ಮನೆಯಲ್ಲಿ ಲೈಸೆನ್ಸಿನ ಕೋವಿ ಇದ್ರೆ ಅಟ್ಟದಲ್ಲಿ ಸುಮ್ನೆ ಇಡ್ಬೇಡಿ, ಅಪ್ಪ ಸತ್ತು ಲೈಸೆನ್ಸ್ ಅವ್ರ ಹೆಸರಲ್ಲೇ ಉಳಿದು ಮಕ್ಕಳಿಗೆ ತೊಂದರೆ ಆದದ್ದನ್ನು ಹತ್ರದಿಂದ ನೋಡಿದ್ದೇನೆ. ಸ್ಟೇಷನಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಡೆಪಾಸಿಟ್ ಇಟ್ಟು ರಸೀದಿ ತಗೊಂಡು ಹೆಸರಿಗೆ ಮಾಡ್ಲಿಕ್ಕೆ ಅರ್ಜಿ ಹಾಕಿ. ಎಲೆಕ್ಷನ್ ಬಂದಾಗ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಸ್ಟೇಷನಿಗೆ ಕೊಡ್ಲಿಕ್ಕೆ ಹೋದ ನೆನಪು ನಮ್ಮಲ್ಲಿ ಎಷ್ಟೋ ಜನಕ್ಕೆ ಉಂಟು, ದಾರಿ ಅದೇ.

ಹಾಗಾದ್ರೆ ನಮಗೆ ಇದ್ರಿಂದ ಎಂತ ಪ್ರಯೋಜನ ಅಂತ ಕೇಳ್ಬಹುದು. ನಾನು ಹೇಳುದು ರಿವಾಲ್ವರಿನ ಕತೆ, ಆದ್ರೆ ಹಳೇ ವಾಚು, ಕ್ಯಾಮರಾ, ಪೆನ್ನು, ಕಂಚಿನ ದೀಪ, ಯಾವ್ದನ್ನೇ ಆಗ್ಲಿ ಫೋಟೋ ನೋಡಿ ತಗೊಳ್ಳುವವ್ರಿಗೆ ಕಣ್ಣು ಇದೇ ಬೇಕು. ನಿಮ್ಗೆ ಆ ಕಣ್ಣು ಈಗಲೇ ಉಂಟು, ಅಡಿಕೆಯಲ್ಲಿ ಉಂಟು. ಗೋಣಿಯ ಮೇಲ್ಭಾಗದಲ್ಲಿ ಒಳ್ಳೆ ಚಾಲಿ ಅಡಿಕೆ ಕಂಡ್ರೆ ನೀವು ಒಪ್ತೀರಾ? ಅಡಿಗೆ ಕೈ ಹಾಕ್ತೀರಿ, ಕಮ್ಮಿ ದರ್ಜೆಯ ಪಟೋರ ಎಷ್ಟುಂಟು ಕರಿಗೋಟು ಎಷ್ಟುಂಟು ನೋಡ್ತೀರಿ, ಒಂದೆರಡು ಅಡಿಕೆ ಕೊಯ್ದು ಒಳಗೆ ನೋಡ್ತೀರಿ. ಲಿಸ್ಟಿಂಗಲ್ಲಿ ಕೈ ಹಾಕ್ಲಿಕ್ಕೆ ಆಗುದಿಲ್ಲ, ಕೊಯ್ಲಿಕ್ಕೂ ಆಗುದಿಲ್ಲ. ಹಾಗಾಗಿ ಯಾವ ಬದಿ ತೋರಿಸಲಿಲ್ಲ ಅಂತ ಮೊದ್ಲು ನೋಡ್ಬೇಕು. ಸೆಲ್ಲರ್ ಸುಳ್ಳು ಬರೆಯುದು ಬಹಳ ಕಮ್ಮಿ, ನನ್ನ ಅನುಭವದಲ್ಲಿ. ಹೇಳದೆ ಬಿಡುದು ಜಾಸ್ತಿ. ಅದರಲ್ಲೂ ಎರಡು ತರ ಉಂಟು, ಗೊತ್ತಿಲ್ಲದೆ ಬಿಡುದು ಒಂದು, ಗೊತ್ತಿದ್ದು ಬಿಡುದು ಇನ್ನೊಂದು. ಗಂಡ ತೀರಿಕೊಂಡು ಮನೆ ಖಾಲಿ ಮಾಡುವ ಅಜ್ಜಿ ಮೂರು ಮಸುಕು ಫೋಟೋ ಹಾಕಿದ್ರೆ ಅದು ಗೊತ್ತಿಲ್ಲದ್ದು. ವರ್ಷಕ್ಕೆ ನೂರಾರು ಮಾರುವ ಡೀಲರ್ ಹದಿನೈದು ಚಂದದ ಫೋಟೋ ಹಾಕಿ ಬ್ಯಾರಲಿನ ಬಾಯಿ ಮಾತ್ರ ತೋರಿಸದಿದ್ರೆ ನನಗೆ ಅಲ್ಲೇ ಸಂಶಯ ಸುರು ಆಗ್ತದೆ. ಮಸುಕು ಲಿಸ್ಟಿಂಗಿಗೆ ನಾನು ಹೆದರಲಿಲ್ಲ ಯಾವತ್ತೂ, ಚಂದದ ಲಿಸ್ಟಿಂಗಲ್ಲಿ ತೋರಿಸದೆ ಬಿಟ್ಟ ಒಂದು ಜಾಗಕ್ಕೆ ಹೆದರ್ತಿದ್ದೆ.

ಫೋಟೋ ಎಷ್ಟು ಹಾಳಾಗಿದ್ರೂ ಕೆಲವು ಸಂಗತಿ ಹೇಳಿಯೇ ಹೇಳ್ತದೆ. ಎಡಬದಿಯಲ್ಲಿ ಸಿಲಿಂಡರನ್ನು ಹೊರಗೆ ಬಿಡುವ ಒಂದು ಗುಂಡಿ ಉಂಟು, ಲ್ಯಾಚ್ ಅಂತ. ಸ್ಮಿತ್ ಆಂಡ್ ವೆಸ್ಸನ್, ಕೋಲ್ಟ್, ಇವೆರಡು ಕೋವಿ ಮಾಡುವ ಅಮೆರಿಕಾದ ಕಂಪನಿಗಳು. ಸ್ಮಿತಲ್ಲಿ ಅದನ್ನು ಮುಂದೆ ದೂಡ್ಬೇಕು, ಕೋಲ್ಟಲ್ಲಿ ಹಿಂದೆ ಎಳೀಬೇಕು, ಹಾಗಾಗಿ ಎರಡರ ಆಕಾರವೇ ಬೇರೆ, ಮಸುಕಿನಲ್ಲೂ ಗೊತ್ತಾಗ್ತದೆ. ಸಿಲಿಂಡರ್ ತಿರುಗುದೂ ಉಲ್ಟಾ, ಹಿಂದಿನಿಂದ ನೋಡಿದ್ರೆ ಕೋಲ್ಟ್ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ, ಸ್ಮಿತ್ ಎಡಕ್ಕೆ. ಒಳಗಿನ ಯಂತ್ರ ಮುಚ್ಚುವ ಸೈಡ್‌ಪ್ಲೇಟ್ ಕೋಲ್ಟಿನ ಡಬಲ್ ಆಕ್ಷನಲ್ಲಿ, ಅಂದ್ರೆ ಟ್ರಿಗರ್ ಎಳೆದ್ರೆ ಸಾಕು ಈಡು ಹೋಗುವ ತರದ್ದರಲ್ಲಿ, ಎಡಬದಿ, ಸ್ಮಿತಲ್ಲಿ ಬಲಬದಿ. ಟೈಟಲಲ್ಲಿ ಸೆಲ್ಲರ್ ಕೋಲ್ಟ್ ಅಂತ ಬರ್ದು ಫೋಟೋದಲ್ಲಿ ಸ್ಮಿತ್ ಇದ್ದದ್ದು ಎಷ್ಟೋ ಸಲ ನೋಡಿದ್ದೇನೆ, ಯಾಕಂದ್ರೆ ಬ್ಯಾರಲ್ ಮೇಲೆ ತೋಟೆಯ ಹೆಸರು ಮಾತ್ರ ಓದ್ಲಿಕ್ಕೆ ಸಿಕ್ತದೆ ಅವ್ರಿಗೆ, ಆ ತೋಟೆಯ ಹೆಸರಲ್ಲಿ ಕೋಲ್ಟ್ ಅಂತ ಇದ್ರೆ ಕೋವಿಯೂ ಕೋಲ್ಟ್ ಅಂತ ಮಾಡ್ತಾರೆ.

ಮತ್ತೆ ಸ್ಪೇನಿನ ಕಾಪಿ. ಸ್ಪೇನಿನ ಐಬಾರ್ ಅಂತ ಒಂದು ಊರು, ಊರಿಡೀ ಕೋವಿ ಮಾಡುವ ಕಸುಬು, 20ನೇ ಶತಮಾನದ ಸುರುವಿನಲ್ಲಿ ಅಲ್ಲಿನ ಶಾಪುಗಳು ಸ್ಮಿತ್ ಆಂಡ್ ವೆಸ್ಸನನ್ನು ನೋಡಿ ಸಾವಿರಗಟ್ಟಲೆ ಮಾಡಿದ್ರು. ಟ್ರೊಕಾವೋಲಾ ಅರಾನ್ಸಾಬಾಲ್ ಅನ್ನುವ ಕಂಪನಿಯ ಮುದ್ರೆ ದೂರದಿಂದ ಸ್ಮಿತಿನ ಮುದ್ರೆಯ ಹಾಗೆಯೇ ಕಾಣ್ತದೆ, ಅಕ್ಷರ ಬಿಡಿಸಿ ನೋಡಿದ್ರೆ ಬೇರೆ. ಈ ಕಾಟ ತಡೀಲಿಕ್ಕಾಗದೆ ಸ್ಮಿತ್ ಕಂಪನಿಯವ್ರು ತಮ್ಮ ಫ್ರೇಮಿನ, ಅಂದ್ರೆ ಕೋವಿಯ ಮುಖ್ಯ ಚೌಕಟ್ಟಿನ, ಮೇಲೆ ಮೇಡ್ ಇನ್ ಯುಎಸ್ಎ, ಮತ್ತೆ ಸ್ಪಾನಿಷ್ ಭಾಷೆಯಲ್ಲಿ ಮಾರ್ಕಾಸ್ ರೆಜಿಸ್ಟ್ರಾಡಾಸ್, ಅಂದ್ರೆ ನೋಂದಾಯಿತ ಮುದ್ರೆ, ಅಂತ ಒತ್ತಲಿಕ್ಕೆ ಸುರು ಮಾಡಿದ್ರು, ಕಳ್ಳರು ಓದುವ ಭಾಷೆಯಲ್ಲೇ ಬರೀಬೇಕಲ್ವಾ. ಮಸುಕು ಫೋಟೋದಲ್ಲಿ ಮುದ್ರೆ ಸರಿ ಕಾಣದಿದ್ರೆ ನಾನು ಆ ಮುದ್ರೆಯ ಹತ್ರದ ಫೋಟೋ ಬರದೆ ಒಂದು ಡಾಲರೂ ಬಿಡ್ ಮಾಡ್ತಿರ್ಲಿಲ್ಲ, ಹರಾಜಲ್ಲಿ ಕೂಗ್ತಿರ್ಲಿಲ್ಲ. ಇನ್ನೊಂದು ಇಟಲಿಯ ಹೊಸ ಪ್ರತಿಗಳು. ಕೋಲ್ಟಿನ 1873ರ ಪ್ರಸಿದ್ಧ ಮಾಡೆಲಿನ ಹಾಗೆಯೇ ಇಟಲಿಯಲ್ಲಿ ಮಾಡ್ತಾರೆ, ಅದು ಮೋಸ ಅಲ್ಲ, ಅವ್ರು ತಮ್ಮ ಹೆಸರು ಹಾಕಿಯೇ ಮಾರ್ತಾರೆ. ಆದ್ರೆ ಮೂರನೇ ಕೈಗೆ ಹೋಗುವಷ್ಟು ಹೊತ್ತಿಗೆ ಹೆಸರು ಉಜ್ಜಿ ಬಣ್ಣ ತೆಗ್ದು ಮುತ್ತಜ್ಜನ ಕಾಲದ್ದು ಅಂತ ಬರ್ತದೆ. ಅಲ್ಲಿ ಚೌಕದ ಒಳಗೆ ಎರಡಕ್ಷರ ಒತ್ತಿದ್ದು ಹುಡುಕ್ಬೇಕು, ಇಟಲಿಯ ಪ್ರೂಫ್ ಹೌಸಿನವ್ರು, ಅಂದ್ರೆ ಕೋವಿ ಪರೀಕ್ಷೆ ಮಾಡಿ ಮುದ್ರೆ ಹಾಕುವವ್ರು, ಇಸವಿಗೆ ಒತ್ತುವ ಗುರುತು ಅದು. ಅದನ್ನು ಉಜ್ಜಲಿಕ್ಕೆ ತುಂಬಾ ಜನಕ್ಕೆ ನೆನಪಾಗುದಿಲ್ಲ.

ಬಲಬದಿ ಫೋಟೋ ಬೇಕು ಅಂತ ನಾನು ಯಾವಾಗ್ಲೂ ಹಟ ಹಿಡಿದದ್ದು ಸ್ಕ್ರೂ ಎಣಿಸ್ಲಿಕ್ಕೆ. ಹಳೇ ಸ್ಮಿತಲ್ಲಿ ಐದು ಸ್ಕ್ರೂ, ಸೈಡ್‌ಪ್ಲೇಟಲ್ಲಿ ನಾಲ್ಕು, ಟ್ರಿಗರಿನ ಸುತ್ತ ಇರುವ ಬಳೆ, ಟ್ರಿಗರ್ ಗಾರ್ಡ್, ಅದರ ಎದುರು ಒಂದು. 1955ರ ಸುಮಾರಿಗೆ ಸೈಡ್‌ಪ್ಲೇಟಿನ ಮೇಲಿನ ಸ್ಕ್ರೂ ಹೋಯ್ತು, 1961ರ ಸುಮಾರಿಗೆ ಟ್ರಿಗರ್ ಗಾರ್ಡಿನ ಎದುರಿನದ್ದೂ ಹೋಯ್ತು. ಅಂದ್ರೆ ಸ್ಕ್ರೂ ಎಣಿಸಿದ್ರೆ ಇಸವಿ ಹತ್ತಿರ ಬಂತು. 1957ರಿಂದ ಅವ್ರು ಮಾಡೆಲಿಗೆ ನಂಬರ್ ಕೊಡ್ಲಿಕ್ಕೆ ಸುರು ಮಾಡಿದ್ರು, ಅದು ಸಿಲಿಂಡರ್ ಹೊರಗೆ ತಿರುಗಿಸಿದಾಗ ಫ್ರೇಮಿನ ಸಂದಿನಲ್ಲಿ ಕಾಣ್ತದೆ. ಸ್ಕ್ರೂವಿನ ತಲೆಯನ್ನೂ ನೋಡ್ಬೇಕು, ಸರಿಯಾದ ಸ್ಕ್ರೂ ಡ್ರೈವರ್ ಇಲ್ಲದೆ ಅಡುಗೆಮನೆ ಚೂರಿಯಲ್ಲಿ ತಿರುಗಿಸಿದ್ರೆ ತಲೆಯ ಸೀಳು ಹರಿದು ಅಂಚು ಎದ್ದು ನಿಂತಿರ್ತದೆ. ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ಅರ್ಥ. ಯಾಕೆ ಹಾಕಿದ್ರು? ಆ ಪ್ರಶ್ನೆ ಕೇಳ್ಬೇಕು.

ನಂಬರಿನ ವಿಷಯಕ್ಕೆ ಬಂದ್ರೆ ಲಿಸ್ಟಿಂಗಲ್ಲಿ ತಪ್ಪು ಜಾಸ್ತಿ ಇರುದು ಇಲ್ಲಿಯೇ. ಆ ಸಂದಿನಲ್ಲಿ ಮಾಡೆಲ್ ನಂಬರಿನ ಹತ್ರ ಇನ್ನೊಂದು ನಂಬರ್ ಇರ್ತದೆ, ಅದು ಫ್ಯಾಕ್ಟರಿಯಲ್ಲಿ ಒಂದೇ ಕೋವಿಯ ಭಾಗಗಳು ಬೇರೆ ಬೇರೆ ಟ್ರೇಗೆ ಹೋಗದ ಹಾಗೆ ಜೋಡಿ ಹಿಡೀಲಿಕ್ಕೆ ಹಾಕಿದ ಅಸೆಂಬ್ಲಿ ನಂಬರ್. ಸೆಲ್ಲರಿಗೆ ಮೊದ್ಲು ಕಣ್ಣಿಗೆ ಬೀಳುದು ಅದೇ, ಅದನ್ನೇ ಸೀರಿಯಲ್ ಅಂತ ಹಾಕ್ತಾರೆ. ನಿಜವಾದ ಸೀರಿಯಲ್ ಹಿಡಿಯ ಅಡಿಯಲ್ಲಿ ಇರ್ತದೆ. ಹಳೇದರಲ್ಲಿ ಅದೇ ನಂಬರ್ ಸಿಲಿಂಡರಿನ ಹಿಂದೆ, ಬ್ಯಾರಲಿನ ಅಡಿಯಲ್ಲಿ, ಮತ್ತೆ ಬಲಬದಿಯ ಮರದ ಹಿಡಿಯ ಒಳಮೈಯಲ್ಲೂ ಇರ್ತದೆ, ಕೆಲವದ್ರಲ್ಲಿ ಪೆನ್ಸಿಲಲ್ಲಿ ಬರ್ದದ್ದು. ತೊಂಬತ್ತು ವರ್ಷ ಹಿಂದೆ ಫಿಟ್ಟರ್ ಒಬ್ಬ ಪೆನ್ಸಿಲಲ್ಲಿ ಬರ್ದ ಅಂಕೆ ಹಿಡಿ ಬಿಚ್ಚಿದ ಕೂಡ್ಲೆ ಹಾಗೇ ಕಂಡಾಗ ನನಗೆ ಮೈ ಜುಂ ಅಂತಿತ್ತು, ನಾನೂ ಟೂಲ್ ರೂಮಲ್ಲಿ ಡೈ ಪೀಸುಗಳ ಹಿಂದೆ ಹಾಗೆಯೇ ಬರೀತಿದ್ದವ. ಎಲ್ಲ ನಂಬರ್ ಒಂದೇ ಆದ್ರೆ ಫ್ಯಾಕ್ಟರಿಯಿಂದ ಹೊರಟ ಸಂಸಾರ ಒಟ್ಟಿಗೆ ಉಂಟು ಅಂತ ಲೆಕ್ಕ.

ಇಸವಿಯ ತಪ್ಪು ಇನ್ನೊಂದು ದೊಡ್ಡದು. ಬ್ಯಾರಲ್ ಮೇಲೆ ಪೇಟೆಂಟಿನ ತಾರೀಕುಗಳು ಸಾಲಾಗಿ ಒತ್ತಿರ್ತಾರೆ. ಅದು ಪೇಟೆಂಟ್ ಸಿಕ್ಕಿದ ದಿನ, ಕೋವಿ ಮಾಡಿದ ದಿನ ಅಲ್ಲ. ಸೆಲ್ಲರ್ ಅದ್ರಲ್ಲಿ ಅತ್ಯಂತ ಹಳೇ ಇಸವಿ ಹಿಡಿದು ಟೈಟಲ್ ಬರೀತಾರೆ, ಖುಷಿಯಲ್ಲಿ ಆಂಟೀಕ್ ಅಂತಲೂ ಸೇರಿಸ್ತಾರೆ. ಓದುದು ಕೊನೇ ತಾರೀಕನ್ನು, ಕೋವಿ ಅದಕ್ಕಿಂತ ಹಿಂದೆ ಆಗ್ಲಿಕ್ಕೆ ಸಾಧ್ಯ ಇಲ್ಲ. 1898ರ ಆಚೆ ಈಚೆ ಆಗುದು ಅಲ್ಲಿ ಬೆಲೆಯ ಪ್ರಶ್ನೆ ಮಾತ್ರ ಅಲ್ಲ, ಕಾನೂನಿನ ಪ್ರಶ್ನೆ. ಕೋಲ್ಟಿನ 1873ರ ಮಾಡೆಲಲ್ಲಿ ಇನ್ನೊಂದು ಗೆರೆಯೂ ಉಂಟು, ಹೊಗೆ ಕಮ್ಮಿ ಇರುವ ಹೊಸ ಮದ್ದಿಗೆ ಕಂಪನಿ ಗ್ಯಾರಂಟಿ ಕೊಟ್ಟದ್ದು 1900ರಿಂದ, ಅದಕ್ಕಿಂತ ಹಿಂದಿನದ್ದು ಕರಿಮದ್ದಿಗೆ ಮಾಡಿದ್ದು, ಅದಕ್ಕೆ ಇವತ್ತಿನ ತೋಟೆ ಹಾಕಿದ್ರೆ ಸಿಲಿಂಡರ್ ಒಡೀಬಹುದು, ಕೈ ಹೋಗ್ಬಹುದು.

ಈಗ ಬಣ್ಣದ ವಿಷಯ, ಇದನ್ನು ಸ್ವಲ್ಪ ನಿಧಾನಕ್ಕೆ ಹೇಳ್ತೇನೆ, ನನ್ನ ಕಸುಬು ಇಲ್ಲಿ ಉಪಯೋಗಕ್ಕೆ ಬಂತು. ಹಳೇ ರಿವಾಲ್ವರಿನ ಕಪ್ಪು ನೀಲಿ ಬಣ್ಣ ಪೈಂಟ್ ಅಲ್ಲ, ಉಕ್ಕಿನ ಮೈಯನ್ನೇ ಹದ ಮಾಡಿ ಬರಿಸಿದ ತೆಳು ಪೊರೆ. ನೂರು ವರ್ಷ ಕೈಯಲ್ಲಿ ಆಡಿದ್ರೆ ಅದು ಬಾಯಿಯ ಅಂಚಲ್ಲಿ, ಹಿಡಿಯ ಎದುರಲ್ಲಿ, ಚರ್ಮದ ಚೀಲಕ್ಕೆ ಉಜ್ಜುವ ಕಡೆಯಲ್ಲಿ ಹೋಗಿ ಬೂದು ಆಗ್ತದೆ, ಕೆಲವು ಕಡೆ ನೇರಳೆ ಹಣ್ಣಿನ ಛಾಯೆ ಬರ್ತದೆ. ಹಾಗೆ ಸವೆದದ್ದಕ್ಕೆ ಬೆಲೆ ಉಂಟು. ಸವೆದದ್ದನ್ನು ನೋಡ್ಲಿಕ್ಕಾಗದೆ ಯಾರೋ ಪಾಲಿಶ್ ಹಿಡಿಸಿ ಹೊಸ ಬಣ್ಣ ಬರಿಸಿದ್ರೆ ಕಲೆಕ್ಟರಿಗೆ ಬೆಲೆ ಅರ್ಧಕ್ಕೂ ಬೀಳಬಹುದು. ಲಿಸ್ಟಿಂಗಲ್ಲಿ ಮಾತ್ರ ಅದೇ ಹೊಸತಿನ ಹಾಗೆ ಉಂಟು ಅಂತ ಬರ್ದಿರ್ತಾರೆ, ಫೋಟೋದಲ್ಲಿ ಮಿಂಚ್ತದೆ, ಹೊಸಬರು ಅಲ್ಲಿಯೇ ಬೀಳುದು. ಪಾಲಿಶ್ ಮಾಡುವ ಬಫಿಂಗ್ ವೀಲಿಗೆ ಒಂದು ಗುಣ ಉಂಟು, ಅದು ಎತ್ತರವನ್ನು ಮೊದ್ಲು ತಿನ್ತದೆ ಮತ್ತೆ ತೂತಿನ ಸುತ್ತ ಹಳ್ಳ ಮಾಡ್ತದೆ. ಹಾಗಾಗಿ ಫೋಟೋದಲ್ಲಿ ನೋಡ್ಬೇಕಾದ್ದು ಮಿಂಚನ್ನಲ್ಲ, ಸ್ಕ್ರೂ ತೂತಿನ ಸುತ್ತ ಬೆಳಕು ಬಟ್ಟಲಿನ ಹಾಗೆ ಬಾಗ್ತದಾ ಅಂತ, ಅಕ್ಷರದ ಅಂಚು ಚೂಪಾಗಿ ಉಂಟಾ ಅಂತ, ಫ್ರೇಮಿಗೂ ಸೈಡ್‌ಪ್ಲೇಟಿಗೂ ನಡುವಿನ ಗೆರೆ ಕೂದಲಿನಷ್ಟು ಸಣ್ಣ ಉಂಟಾ ಇಲ್ಲ ಅಗಲ ಆಗಿದ್ಯಾ ಅಂತ. ಇನ್ನೊಂದು ಸುಲಭದ ಗುರುತು, ಸ್ಮಿತಲ್ಲಿ ಹ್ಯಾಮರ್, ನಮ್ಮಲ್ಲಿ ಕೋವಿಯ ಕುದುರೆ ಅಂತ ಹೇಳ್ತಾರಲ್ಲ ಅದು, ಮತ್ತೆ ಟ್ರಿಗರ್, ಇವೆರಡಕ್ಕೆ ಫ್ಯಾಕ್ಟರಿಯಲ್ಲಿ ಬೇರೆಯೇ ಹದ, ಎಣ್ಣೆ ಬಿದ್ದ ನೀರಿನ ಹಾಗೆ ಕಂದು ನೀಲಿ ಬೆರೆತ ಬಣ್ಣ. ಅವೆರಡೂ ಉಳಿದದ್ರ ಹಾಗೆ ಕಪ್ಪಗೆ ಇದ್ರೆ, ಇಲ್ಲ ನಿಕ್ಕಲ್ ಲೇಪದ ಕೋವಿಯಲ್ಲಿ ಅವೂ ಬೆಳ್ಳಗೆ ಮಿಂಚಿದ್ರೆ, ಹೆಚ್ಚಾಗಿ ಯಾರೋ ಎಲ್ಲವನ್ನೂ ಒಟ್ಟಿಗೆ ಮುಳುಗಿಸಿ ತೆಗ್ದಿದ್ದಾರೆ. ಫ್ಯಾಕ್ಟರಿಗೇ ವಾಪಸ್ ಹೋಗಿ ಹೊಸ ಬಣ್ಣ ಪಡ್ಕೊಂಡದ್ದೂ ಉಂಟು, ಅದಕ್ಕೆ ಸೀರಿಯಲ್ ನಂಬರಿನ ಹತ್ರ ನಕ್ಷತ್ರದ ಗುರುತು ಒತ್ತಿರ್ತಾರೆ. ಅದೂ ಕತೆಯ ಒಂದು ಭಾಗ, ಆದ್ರೆ ಹೇಳಿ ಮಾರ್ಬೇಕು.

ಸುರುವಿಗೆ ಓದಿದ ಲಿಸ್ಟಿಂಗಿಗೆ ಬರ್ತೇನೆ, ಅಜ್ಜನ ಡ್ರಾವರಿನದ್ದು. ಮೂರನೇ ಫೋಟೋದಲ್ಲಿ ಹಿಡಿಯ ಅಡಿಯಲ್ಲಿ ಒಂದು ಬಳೆ ಕಂಡಿತು, ದಾರ ಕಟ್ಟುವ ಬಳೆ, ಮತ್ತೆ ಮೈ ಮಿಂಚದೆ ಒರಟು ಬೂದು. ನನಗೆ ಗೊತ್ತಾಯ್ತು, ಇದು ವಿಕ್ಟರಿ ಮಾಡೆಲ್. ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರ ವರೆಗೆ, ಸ್ಮಿತ್ ಕಂಪನಿ ಲಕ್ಷಗಟ್ಟಲೆ ಮಾಡಿದ್ದು, ಸೀರಿಯಲ್ ನಂಬರಿನ ಎದುರು ವಿ ಅಂತ ಅಕ್ಷರ, ಪಾಲಿಶಿಗೆ ಪುರುಸೊತ್ತಿಲ್ಲದ ಕಾಲ. ಅಮೆರಿಕಾದವ್ರು ತಮಗೆ ಇಟ್ಟದ್ದು ಹೆಚ್ಚಾಗಿ ನಾಲ್ಕು ಇಂಚಿನ ಬ್ಯಾರಲಿನದ್ದು, .38 ಸ್ಪೆಷಲ್ ತೋಟೆಯದ್ದು. ಬ್ರಿಟಿಷರಿಗೆ ಹೋದದ್ದು ಐದು ಇಂಚು, ಅದರ ತೋಟೆ .38 ಎಸ್ ಆಂಡ್ ಡಬ್ಲ್ಯೂ, ಅಂದ್ರೆ ಸ್ಮಿತ್ ಆಂಡ್ ವೆಸ್ಸನ್. ಹೆಸರು ಎರಡಕ್ಕೂ 38, ಆದ್ರೆ ತೋಟೆ ಬೇರೆ. ಬ್ರಿಟಿಷರದ್ದು ಗಿಡ್ಡ, ಪಿತ್ತಳೆಯ ಕೇಸು ಸುಮಾರು 20 ಮಿಲಿಮೀಟರ್, ಸ್ವಲ್ಪ ದಪ್ಪ. ಸ್ಪೆಷಲ್ 29 ಮಿಲಿಮೀಟರ್, ಏಳು ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ಏಳು ಪಾಲು, ಸಪುರ. ಯುದ್ಧ ಮುಗಿದು ಬ್ರಿಟಿಷರದ್ದು ಅಮೆರಿಕಾಕ್ಕೆ ವಾಪಸ್ ಬಂದಾಗ ಅಲ್ಲಿ ಆ ಗಿಡ್ಡ ತೋಟೆ ಯಾರಿಗೂ ಬೇಡ, ವ್ಯಾಪಾರಿಗಳು ಚೇಂಬರಿನೊಳಗೆ, ಅಂದ್ರೆ ಸಿಲಿಂಡರಲ್ಲಿ ತೋಟೆ ಕೂರುವ ತೂತಿನೊಳಗೆ, ರೀಮರ್ ಅನ್ನುವ ಕೊರೆಯುವ ಹತ್ಯಾರು ಹಾಕಿ ಉದ್ದ ಮಾಡಿದ್ರು, ಸ್ಪೆಷಲ್ ಹೋಗುವ ಹಾಗೆ. ಉದ್ದ ಮಾಡ್ಬಹುದು, ದಪ್ಪ ಇದ್ದದ್ದನ್ನು ಸಪುರ ಮಾಡ್ಲಿಕ್ಕೆ ಆಗುದಿಲ್ಲ. ಹಾಗಾಗಿ ಆ ತೋಟೆ ಹೊಡೆದ್ರೆ ಕೇಸಿನ ಬುಡ ಉಬ್ಬುತ್ತದೆ, ಸೀಳ್ತದೆ. ಕೆಲವು ಬ್ಯಾರಲ್ ಕೂಡ ಕೊಯ್ದು ಗಿಡ್ಡ ಮಾಡಿದ್ರು, ಅಂಥದ್ರಲ್ಲಿ ಬ್ಯಾರಲಿನ ಅಕ್ಷರ ನಡುವಿಗೆ ಬರುದಿಲ್ಲ, ಒಂದು ಬದಿಗೆ ಸರಿದ ಹಾಗೆ ಇರ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಬ್ಯಾರಲ್ ಐದು ಇಂಚು ಇತ್ತು, ಕೊಯ್ದಿರ್ಲಿಲ್ಲ, ಬಲಬದಿ ಫೋಟೋ ತರಿಸಿದೆ, ನಂಬರ್ ತರಿಸಿದೆ, ವಿ ಇತ್ತು, ಮೇಲೆ ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ ಅಂತ ಒತ್ತಿದ್ದು ಇತ್ತು. ಚೇಂಬರಿನ ಒಳಗಿನ ಫೋಟೋ ಕೇಳ್ಲಿಲ್ಲ. ಬಿಡ್ ಮುಗೀಲಿಕ್ಕೆ ನಲ್ವತ್ತು ನಿಮಿಷ ಇತ್ತು, ಕೇಳಿದ್ರೆ ಉತ್ತರ ಬರುವಾಗ ಹೊತ್ತು ಮೀರ್ತದೆ ಅಂತ ಗಡಿಬಿಡಿಯಲ್ಲಿ ಹಾಕಿದೆ. ಮನೆಗೆ ಬಂದ ದಿನ ಸಿಲಿಂಡರ್ ಬಿಚ್ಚಿ ಬೆಳಕಿಗೆ ಹಿಡಿದೆ, ತೂತಿನ ಒಳಗೆ ಮೆಟ್ಟಿಲು ಇರ್ಬೇಕು, ತೋಟೆಯ ಬಾಯಿ ಹೋಗಿ ನಿಲ್ಲುವ ಮೆಟ್ಟಿಲು, ಅದು ಇರ್ಬೇಕಾದ ಜಾಗದಲ್ಲಿ ಇರ್ಲಿಲ್ಲ, ಎಷ್ಟೋ ಮುಂದೆ ಹೋಗಿತ್ತು, ಆರರಲ್ಲೂ. ಸೆಲ್ಲರ್ ಸುಳ್ಳು ಹೇಳ್ಲಿಲ್ಲ, ಅವ್ರಿಗೆ ಗೊತ್ತೇ ಇರ್ಲಿಲ್ಲ. ನಾನು ವಾಪಸ್ ಕಳಿಸ್ಲಿಲ್ಲ. ಅದನ್ನು ಯಾರೂ ಹೊಡೀಬಾರದು ಅಂತ ಒಂದು ಚೀಟಿ ಬರ್ದು ಟ್ರಿಗರ್ ಗಾರ್ಡಿಗೆ ಕಟ್ಟಿಟ್ಟೆ, ಕಡೆಗೆ ಕೊಡುವಾಗ್ಲೂ ಆ ಚೀಟಿ ಹಾಗೇ ಇತ್ತು. ಆವತ್ತಿನಿಂದ ಒಂದು ನಿಯಮ ಮಾಡಿದೆ, ಉತ್ತರ ಬರುವಷ್ಟು ಹೊತ್ತು ಇಲ್ಲದಿದ್ರೆ ಆ ಸಾಮಾನು ನನ್ನದಲ್ಲ.

ಇದಕ್ಕೆ ಎದುರಾದ ಕತೆಯೂ ಒಂದು ಉಂಟು. ಒಂದು ಲಿಸ್ಟಿಂಗ್, ಬ್ರೆಜಿಲ್ ದೇಶದ ರಿವಾಲ್ವರ್, .45, ದೊಡ್ಡದು, ಕಂಪನಿ ಗೊತ್ತಿಲ್ಲ. ಹೆಚ್ಚು ಜನ ತಿರುಗಿಯೂ ನೋಡ್ಲಿಲ್ಲ. ಬಲಬದಿ ಸೈಡ್‌ಪ್ಲೇಟಲ್ಲಿ ಬ್ರೆಜಿಲ್ ದೇಶದ ಲಾಂಛನದ ಮುದ್ರೆ ದೊಡ್ಡದಾಗಿ, ಅದರ ಅಡಿಗೆ 1937. ಮುದ್ರೆ ಇರುವ ಆ ಜಾಗದಲ್ಲೇ ಸ್ಮಿತಿನ ಮುದ್ರೆ ಹುಡುಕುದು ಅಭ್ಯಾಸ, ಅದು ಕಾಣದ ಕಾರಣ ಸೆಲ್ಲರ್ ಕಂಪನಿ ಗೊತ್ತಿಲ್ಲ ಅಂತ ಬರ್ದದ್ದು. ಆದ್ರೆ ಲ್ಯಾಚ್ ಸ್ಮಿತಿನದ್ದು, ಸೈಡ್‌ಪ್ಲೇಟ್ ಬಲಕ್ಕೆ, ಸ್ಕ್ರೂ ಲೆಕ್ಕ ಸರಿ. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕಾದ ಸೈನ್ಯಕ್ಕೆ ಪಿಸ್ತೂಲು ಸಾಕಾಗದೆ ಪಿಸ್ತೂಲಿನದ್ದೇ ತೋಟೆ ಹಾಕುವ ರಿವಾಲ್ವರ್ ಮಾಡ್ಸಿದ್ರು, ಮಾಡೆಲ್ 1917 ಅಂತ. ಪಿಸ್ತೂಲಿನ ತೋಟೆಗೆ ಹಿಂದೆ ಅಂಚು ಇಲ್ಲ, ಸಿಲಿಂಡರಿಂದ ಹೊರಗೆ ದೂಡ್ಲಿಕ್ಕೆ ಹಿಡಿತ ಸಿಕ್ಕುದಿಲ್ಲ, ಅದಕ್ಕೆ ಅರ್ಧಚಂದ್ರದ ತಗಡಿನ ಕ್ಲಿಪ್, ಒಂದರಲ್ಲಿ ಮೂರು ತೋಟೆ, ಎಂಥ ಸರಳ ಉಪಾಯ ನೋಡಿ. ಅದೇ ಮಾಡೆಲನ್ನು 1937ರಲ್ಲಿ ಬ್ರೆಜಿಲ್ ಸರಕಾರ 25,000 ಆರ್ಡರ್ ಮಾಡಿತು. ಎಷ್ಟೋ ವರ್ಷ ಅಲ್ಲಿ ಇದ್ದು ಅದ್ರಲ್ಲಿ ತುಂಬಾ ವಾಪಸ್ ಅಮೆರಿಕಾಕ್ಕೇ ಬಂತು. ಅಂದ್ರೆ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಲ್ಲಿ ಹುಟ್ಟಿ ಬ್ರೆಜಿಲಿಗೆ ಹೋಗಿ ಬಂದದ್ದು ಓಹಯೋದ ಒಂದು ಗ್ಯಾರೇಜಲ್ಲಿ ಕೂತಿತ್ತು. ನಾನು ಹಿಡಿಯ ಒಳಮೈ ಫೋಟೋ ಕಳಿಸಿ ಅಂತ ಕೇಳಿದೆ. ಅವ್ರು ಬಹಳ ಒಳ್ಳೆಯವ್ರು, ಹಿಡಿ ಬಿಚ್ಚಿ, ಕಿಟಕಿ ಹತ್ರ ಹಗಲು ಬೆಳಕಲ್ಲಿ ಎಂಟು ಫೋಟೋ ಕಳಿಸಿದ್ರು. ಇದು ಯಾರು ಮಾಡಿದ್ದು ಅಂತ ಬಿಡ್ ಹಾಕುವ ಮೊದ್ಲೇ ಅವ್ರಿಗೆ ಬರ್ದೆ. ಅವ್ರು ಲಿಸ್ಟಿಂಗ್ ತಿದ್ದಿದ್ರು, ಬೆಲೆ ಏರಿತು, ಆದ್ರೂ ನನಗೇ ಬಂತು. ಹೇಳದಿದ್ರೆ ಕಮ್ಮಿಗೆ ಸಿಕ್ತಿತ್ತಲ್ಲ ಅಂತ ಸ್ನೇಹಿತರು ಹೇಳಿದ್ರು. ಸಿಕ್ತಿತ್ತು. ಹೇಳದೆ ಬಿಟ್ಟವ್ರ ಬಗ್ಗೆ ಇಷ್ಟು ಹೊತ್ತು ಮಾತಾಡ್ತಿದ್ದೇನಲ್ಲ, ನಾನೇ ಆ ಸಾಲಲ್ಲಿ ನಿಲ್ಲುದು ಹೇಗೆ.

ಕೇಳುದಕ್ಕೂ ಒಂದು ಕ್ರಮ ಉಂಟು. ಕಂಡಿಶನ್ ಹೇಗುಂಟು ಅಂತ ಕೇಳಿದ್ರೆ ಚೆನ್ನಾಗುಂಟು ಅಂತ ಉತ್ತರ ಬರ್ತದೆ, ಅದ್ರಿಂದ ಎಂತದೂ ಗೊತ್ತಾಗುದಿಲ್ಲ. ಎಂತ ಮಾಡ್ಬೇಕು ಅಂತ ಹೇಳ್ಬೇಕು: ಖಾಲಿ ಉಂಟಾ ಅಂತ ಮೊದ್ಲು ನೋಡಿ, ಕಿಟಕಿ ಹತ್ರ ಬಿಳಿ ಬಟ್ಟೆಯ ಮೇಲೆ ಇಡಿ, ಫ್ಲಾಶ್ ಬೇಡ, ಸಿಲಿಂಡರ್ ಹೊರಗೆ ಬಿಟ್ಟು ಹಿಂದಿನಿಂದ ಒಂದು, ಹಿಡಿಯ ಅಡಿ ಒಂದು, ಬ್ಯಾರಲಿನ ಬಾಯಿ ನೇರಕ್ಕೆ ಒಂದು. ನಂಬರ್ ಪೂರ್ತಿ ಹಾಕ್ಲಿಕ್ಕೆ ಹೆದರಿಕೆ ಆದ್ರೆ ಕೊನೇ ಎರಡಂಕೆ ಮುಚ್ಚಿ. ಒಟ್ಟಿಗೆ ಹತ್ತು ಪ್ರಶ್ನೆ ಹಾಕಿದ್ರೆ ಅಜ್ಜಿಯಂಥವ್ರು ಉತ್ತರವೇ ಕೊಡುದಿಲ್ಲ, ಎರಡು ಸಾಕು, ಥ್ಯಾಂಕ್ಸ್ ಹೇಳಿ ಮತ್ತೆ ಎರಡು. ನೋಡಿ ವಾಪಸ್ ಕೊಡ್ಲಿಕ್ಕೆ ಮೂರು ದಿನ ಅಂತ ತುಂಬಾ ಸೆಲ್ಲರ್‌ಗಳು ಇಡ್ತಾರೆ, ಇದ್ದ ಹಾಗೆ ಅಂತ ಬರ್ದಿದ್ರೆ ಅದೂ ಇಲ್ಲ, ಅದನ್ನು ಬಿಡ್ ಹಾಕುವ ಮೊದ್ಲೇ ಓದ್ಬೇಕು. ಮತ್ತೆ ಬೆಲೆ, ಕಾಣದ ಪ್ರತಿ ಜಾಗವೂ ಹಾಳಾಗಿದೆ ಅಂತಲೇ ಲೆಕ್ಕ ಹಾಕಿ ಎಷ್ಟು ಕೊಡ್ಬಹುದು ಅಂತ ಕಾಗದದಲ್ಲಿ ಬರ್ದು, ಆ ಮೇಲೆ ಆ ಅಂಕೆ ದಾಟ್ಲಿಕ್ಕಿಲ್ಲ. ಬಂದ ಮೇಲೆ ಉಜ್ಜಲಿಕ್ಕೆ ಹೋಗ್ಬಾರದು, ಎಣ್ಣೆ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ಕಂಪನಿಯ ಹಳೇ ರೆಕಾರ್ಡಿಂದ ಯಾವ ದಿನ ಎಲ್ಲಿಗೆ ಕಳಿಸಿದ್ದು ಅಂತ ಪತ್ರ ತರಿಸ್ಬಹುದು, ನಾನು ನಾಲ್ಕಕ್ಕೆ ತರಿಸಿದ್ದೆ.

ಊರಿಗೆ ಬರುವಾಗ ಒಂದನ್ನೂ ತರ್ಲಿಲ್ಲ, ತರ್ಲಿಕ್ಕೆ ಆಗುದಿಲ್ಲ ಅಂತ ಗೊತ್ತಿತ್ತು. ಹನ್ನೊಂದು ಇತ್ತು. ಅಲ್ಲಿನ ಕಾನೂನಿನ ಪ್ರಕಾರ ಒಂದೊಂದಾಗಿ ಕೊಟ್ಟೆ, ಪ್ರತಿಯೊಂದರ ಜೊತೆ ಒಂದು ಪುಟ ಬರ್ದು ಇಟ್ಟೆ, ಎಲ್ಲಿಂದ ಬಂತು, ಎಂತ ಬದಲಾಗಿದೆ, ಎಂತ ಗೊತ್ತಿಲ್ಲ. ಇಲ್ಲಿ ನನ್ನ ಹತ್ರ ಇರುದು ಆರು ನೋಟ್‌ಬುಕ್ ಮತ್ತೆ ಫೋಟೋ ಮಾತ್ರ. ಬೇಜಾರಿಲ್ಲ ಅಂದ್ರೆ ಸುಳ್ಳಾಗ್ತದೆ.

ಮಾತು ಮುಗಿದ ಮೇಲೆ ಒಬ್ಬ ತಂಗಿ ಎದ್ದು ಕೇಳಿದ್ಳು, ಕೊಲ್ಲುವ ಸಾಮಾನಿನ ಮೇಲೆ ಇಷ್ಟು ಪ್ರೀತಿ ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು, ನನ್ನ ಹತ್ರ ಇದ್ದಷ್ಟು ವರ್ಷ ಒಂದರಿಂದಲೂ ಒಂದು ಈಡು ಹೊಡೀಲಿಲ್ಲ, ನನಗೆ ಅದ್ರಲ್ಲಿ ಕಂಡದ್ದು ಫೈಲ್ ಹಿಡಿದ ಕೈ, ಹೆಸರು ಎಲ್ಲಿಯೂ ಬರೆಯದ ಫಿಟ್ಟರುಗಳ ಕೈ. ಆದ್ರೆ ಅದು ಯಾಕೆ ತಯಾರಾದ್ದು ಅನ್ನುದನ್ನು ಮರ್ತು ಪ್ರೀತಿಸ್ಲಿಕ್ಕೆ ಆಗುದಿಲ್ಲ, ಆ ವಿಕ್ಟರಿ ಮಾಡೆಲ್ ಕೈಗೆ ತಗೊಂಡಾಗ್ಲೆಲ್ಲ ಇದು ಯಾರ ಸೊಂಟದಲ್ಲಿತ್ತು, ಅವ ಮನೆಗೆ ವಾಪಸ್ ಬಂದನಾ ಅಂತ ಮನಸ್ಸಿಗೆ ಬರ್ತಿತ್ತು. ಅವಳಿಗೆ ಪೂರ್ತಿ ಒಪ್ಪಿಗೆ ಆಗ್ಲಿಲ್ಲ ಅಂತ ಮುಖದಲ್ಲಿ ಕಂಡಿತು, ಇರ್ಲಿ.

ಎಲ್ಲ ಹೋದ ಮೇಲೆ ರಿಟೈರ್ ಆದ ಒಬ್ಬರು ಮಾಸ್ಟ್ರು ಬಂದು ಮೊಬೈಲ್ ತೋರಿಸಿದ್ರು. ಮನೆಯ ಕೇಪಿನ ಕೋವಿ, ಲೈಸೆನ್ಸ್ ಅವ್ರ ಹೆಸರಲ್ಲೇ ಉಂಟು, ಅಜ್ಜನ ಕಾಲದಿಂದ ಬಂದದ್ದು. ಪಕ್ಕದ ತಗಡಲ್ಲಿ ಕಿರೀಟದ ಅಡಿಗೆ ಟವರ್ ಅಂತ ಇಂಗ್ಲಿಷಲ್ಲಿ ಒತ್ತಿದ್ದುಂಟು, ಇದು ಲಂಡನಿನ ಟವರ್ ಕೋಟೆಯದ್ದೇ ಅಲ್ವಾ, ಎಷ್ಟು ಹಳತು ಅಂತ ಕೇಳಿದ್ರು. ಟವರ್ ಅಂತ ಒತ್ತಿದ್ದು ಬ್ರಿಟಿಷ್ ಸೈನ್ಯದ ಕೋವಿಯಲ್ಲೂ ಉಂಟು, ವ್ಯಾಪಾರಕ್ಕೆ ಮಾಡಿದ್ರಲ್ಲೂ ಉಂಟು, ನೋಡಿ ಮಾಡಿದ ಕಾಪಿಯಲ್ಲೂ ಉಂಟು. ಫೋಟೋ ಒಂದೇ ಇತ್ತು, ಟ್ಯೂಬ್‌ಲೈಟಿನಲ್ಲಿ ತೆಗ್ದದ್ದು, ಬಲಬದಿ ಮಾತ್ರ. ಮಾಸ್ಟ್ರೇ, ನಳಿಗೆಯ ಎಡಬದಿಯಲ್ಲಿ, ಹಿಂದಿನ ತುದಿ ಹತ್ರ, ಕಿರೀಟದ ಕೆಳಗೆ ಅಡ್ಡ ಹಾಕಿದ ಎರಡು ರಾಜದಂಡದ ಸಣ್ಣ ಗುರುತು ಉಂಟಾ ನೋಡ್ಬೇಕು, ಇದ್ರೆ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನದ್ದು ಆಗಿರ್ಬಹುದು, ಜಗಲಿಯಲ್ಲಿ ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ತೆಗೀರಿ ಅಂದೆ. ನನಗೆ ಅದೆಲ್ಲ ತೆಗೀಲಿಕ್ಕೆ ಗೊತ್ತಾಗುದಿಲ್ಲ ಮಾರಾಯ, ನೀನೇ ಬಾ ಅಂದ್ರು. ಭಾನುವಾರ ಎಂಟು ಗಂಟೆಗೆ ಹೋಗುದು ಅಂತ ಆಗಿದೆ.